‘ಕಾರ್ಬೊರೇಟರ್ ಹಾಕಿಬಿಡೋಣ’ ಎನ್ನುವ ಗ್ಯಾರೇಜಿಗೆ ಎಂಪಿಎಫ್‌ಐ ಜಿಪ್ಸಿ ಒಪ್ಪಿಸಬೇಡಿ

ನಮ್ಮ ಮನೆಯಲ್ಲಿರುವುದು 2004ರ ಮಾರುತಿ ಜಿಪ್ಸಿ. ಹದಿನಾರು ವಾಲ್ವಿನ ಎಂಪಿಎಫ್‌ಐ ಎಂಜಿನ್. ಅಂದರೆ ಕಂಪ್ಯೂಟರ್ ಅಳೆದು ಇಂಜೆಕ್ಟರುಗಳ ಮೂಲಕ ಪೆಟ್ರೋಲ್ ಚಿಮ್ಮಿಸುವ ಬಗೆಯದು. ಸ್ಟಾರ್ಟಿಂಗ್ ತೊಂದರೆಗೆಂದು ಬೆಂಗಳೂರಿನ ಒಂದು ಗ್ಯಾರೇಜಿಗೆ ಹೋದ ಈ ಗಾಡಿ, ಗಾಳಿಯ ಸೆಳೆತದಿಂದಲೇ ಪೆಟ್ರೋಲ್ ಬೆರೆಸಿಕೊಳ್ಳುವ ಹಳೆಯ ಬಗೆಯ, ಎಂಟು ವಾಲ್ವಿನ ಕಾರ್ಬೊರೇಟರ್ ಎಂಜಿನ್ ಹೊತ್ತುಕೊಂಡು ಹಿಂದಿರುಗಿತು. ನಮ್ಮನ್ನು ಒಂದು ಮಾತೂ ಕೇಳಿರಲಿಲ್ಲ.

ತೊಂದರೆ ಏನೆಂದು ನಾನೇ ಬಿಡಿಸಿ ಹೇಳಿದ್ದೆ. ಇಂಜೆಕ್ಷನ್ ಗಾಡಿಯಲ್ಲಿ ಕೀಲಿ ತಿರುಗಿಸಿದೊಡನೆ ಹಿಂದಿನ ಟ್ಯಾಂಕಿನಿಂದ ಪಂಪು ಎರಡು ಮೂರು ಸೆಕೆಂಡು ಗುಂಯ್‌ಗುಟ್ಟಬೇಕು. ನಮ್ಮದರಲ್ಲಿ ಆ ಸದ್ದೇ ಇರಲಿಲ್ಲ. ಹಾಗಿದ್ದಾಗ ನೋಡಬೇಕಾದದ್ದು ಫ್ಯೂಸು, ರಿಲೇ, ವೈರು, ಪಂಪು. ಅಂದಾಜು ವೆಚ್ಚ ತಿಳಿಸದೆ ಏನನ್ನೂ ಬಿಚ್ಚಬಾರದು ಎಂದು ಜಾಬ್ ಕಾರ್ಡಿನಲ್ಲಿ ಬರೆಸಿಯೂ ಇದ್ದೆ.

ಗಾಡಿ ತರಲು ಹೋದಾಗ ಬಾನೆಟ್ ಎತ್ತಿದರೆ ಒಳಗಿದ್ದದ್ದು ಬೇರೆಯೇ ಎಂಜಿನ್. ಮಾಲೀಕರಿಗೆ ಸಂಕೋಚವೇನೂ ಇರಲಿಲ್ಲ. “ಸಾರ್, ನಿಮ್ಮ ಇಸಿಎಂ ಸತ್ತುಹೋಗಿತ್ತು. ಇದಾದರೆ ಕಾಡಿನ ಮಧ್ಯೆ ನಿಂತರೂ ಒಂದು ಸ್ಕ್ರೂಡ್ರೈವರ್ ಸಾಕು.” ಇಸಿಎಂ ಎಂದರೆ ಇಂಜೆಕ್ಷನ್ ನಡೆಸುವ ಕಂಪ್ಯೂಟರ್. ನಮ್ಮ ಎಂಜಿನ್ ಎಲ್ಲಿ ಎಂದರೆ, “ಅದು ಗುಜರಿಗೆ ಹೋಯಿತಲ್ಲ ಸಾರ್.” ಓಡುವ ಸ್ಥಿತಿಯಲ್ಲಿರುವ ಹದಿನಾರು ವಾಲ್ವಿನ ಎಂಜಿನ್ನನ್ನು ಯಾರೂ ಗುಜರಿಯ ತೂಕಕ್ಕೆ ಹಾಕುವುದಿಲ್ಲ. ಈ ಮಾತು ಅವರಿಗೂ ಗೊತ್ತು, ನನಗೂ ಗೊತ್ತು.

ಕಾರ್ಬೊರೇಟರನ್ನು ನಾನು ಹಳಿಯುತ್ತಿಲ್ಲ. 1985ರಲ್ಲಿ ಬಂದ 970 ಸಿಸಿ ಜಿಪ್ಸಿಯೂ 1996ರ 1300 ಸಿಸಿ ಜಿಪ್ಸಿ ಕಿಂಗ್ ಕೂಡ ಕಾರ್ಬೊರೇಟರಿನಲ್ಲೇ ಬೆಟ್ಟಗುಡ್ಡ ಹತ್ತಿದವು. ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್ಟಿನಲ್ಲಿ ಕಸ ಸಿಕ್ಕಿದರೆ ದಾರಿಬದಿಯಲ್ಲೇ ಬಿಚ್ಚಿ ಊದಿ ಮುಂದೆ ಹೋಗಬಹುದು. ಆದರೆ ಅದಕ್ಕೆ ತಕ್ಕ ಪಂಪು, ಪೈಪು, ಟ್ಯಾಂಕು ಇರುವ ಗಾಡಿಯ ಮಾತು ಅದು. ಇವರು ಮಾಡಿದ್ದು ಅರ್ಧಂಬರ್ಧ ಮದುವೆ.

ಟ್ಯಾಂಕಿನೊಳಗಿನ ಇಂಜೆಕ್ಷನ್ ಪಂಪನ್ನು ಹಾಗೆಯೇ ಉಳಿಸಿ, ಇಗ್ನಿಷನ್ ಸ್ವಿಚ್ಚಿನಿಂದ ಅದಕ್ಕೆ ನೇರವಾಗಿ ಒಂದು ವೈರು ಎಳೆದಿದ್ದರು. ವೈರು ಕೊಟ್ಟೊಡನೆ ಪಂಪು ಓಡಿದೆ. ಅಂದರೆ ಪಂಪು ಚೆನ್ನಾಗಿಯೇ ಇತ್ತು. ಅದಕ್ಕೆ ವಿದ್ಯುತ್ ತಲುಪುತ್ತಿರಲಿಲ್ಲ, ಅಷ್ಟೆ! ರಿಲೇ ಮತ್ತು ವೈರಿಂಗ್ ನೋಡಿ ಮುಗಿಸಬಹುದಾದ ಕೆಲಸಕ್ಕೆ ಇಡೀ ಎಂಜಿನ್ ಇಳಿಸಿದ್ದರು.

ಅಪಾಯ ಇರುವುದೂ ಇಲ್ಲಿಯೇ. ಇಂಜೆಕ್ಷನ್ ಪಂಪಿನ ಒತ್ತಡ ಚದರ ಸೆಂಟಿಮೀಟರಿಗೆ ಎರಡೂವರೆ ಮೂರು ಕೆ.ಜಿ. ಕಾರ್ಬೊರೇಟರಿಗೆ ಬೇಕಾದದ್ದು ಅದರ ಹತ್ತನೆಯ ಒಂದು ಪಾಲು. ಕಾರ್ಬೊರೇಟರಿನ ಬಟ್ಟಲಿಗೆ, ಅಂದರೆ ಬೌಲಿಗೆ, ಬರುವ ಪೆಟ್ರೋಲನ್ನು ತಡೆದು ಬಿಡುವ ಫ್ಲೋಟಿನ ಪುಟ್ಟ ಸೂಜಿ ಅಷ್ಟು ಒತ್ತಡವನ್ನು ತಡೆಯಲಾರದು. ಬೌಲ್ ತುಂಬಿ ಪೆಟ್ರೋಲ್ ಉಕ್ಕುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ನಿಂತರೆ ಒಳಗೆಲ್ಲ ಪೆಟ್ರೋಲ್ ವಾಸನೆ. ನಂದಿಬೆಟ್ಟದ ತಿರುವೊಂದರಲ್ಲಿ ಗಾಡಿ ವಾಲಿದಾಗ ಎಂಜಿನ್ ಉಸಿರುಕಟ್ಟಿ ನಿಂತಿತು. ನಿಂತ ಮೇಲೂ ಹಿಂದಿನಿಂದ ಗುಂಯ್ ಸದ್ದು ನಿಲ್ಲಲಿಲ್ಲ. ಬಾನೆಟ್ ಎತ್ತಿದರೆ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಎಂಜಿನ್ ನಿಂತೊಡನೆ ಪಂಪನ್ನು ನಿಲ್ಲಿಸುವುದು ಇಸಿಎಂ ಕೆಲಸ. ಅದನ್ನೇ ಕಿತ್ತ ಮೇಲೆ ಗಾಡಿ ಎಲ್ಲಿಗಾದರೂ ಗುದ್ದಿ ನಿಂತರೂ ಕೀಲಿ ತಿರುಗಿಸುವವರೆಗೆ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅಂದು ಹಿಂದಿನ ಸೀಟಿನಲ್ಲಿ ಅಕ್ಕನ ಮಕ್ಕಳಿದ್ದರು.

ಇದರ ಮೇಲೆ ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾರ್ಬೊರೇಟರಿನ ರಬ್ಬರ್ ಡಯಾಫ್ರಮ್, ವಾಷರುಗಳು ಇದಕ್ಕೆಂದು ಮಾಡಿದವಲ್ಲ. ಇಂಧನ ಬದಲಾದರೆ ಇಂಜೆಕ್ಷನ್ ವ್ಯವಸ್ಥೆ ಆಕ್ಸಿಜನ್ ಸೆನ್ಸರ್ ನೋಡಿ ಒಂದು ಮಿತಿಯವರೆಗೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಜೆಟ್ಟಿಗೆ ಅಂಥ ಬುದ್ಧಿ ಇಲ್ಲ.

ಹೊಗೆ ತಪಾಸಣೆಯಲ್ಲೂ ಗಾಡಿ ಬಿದ್ದುಹೋಯಿತು. ಹೊಗೆಯ ಮಿತಿ ಹೇಳುವ ಭಾರತ್ ಸ್ಟೇಜ್ 2 ಮಾನದಂಡಕ್ಕಿಂತ ಹಿಂದಿನ ಕಾರುಗಳಿಗೆ ಇಂಗಾಲದ ಮೊನಾಕ್ಸೈಡ್ ಶೇ. 3ರವರೆಗೆ ಇರಬಹುದು, ನಮ್ಮದರಂಥವುಗಳಿಗೆ ಶೇ. 0.5 ಮಾತ್ರ. ತಪಾಸಣೆಯ ಯಂತ್ರ ನೋಡುವುದು ನೋಂದಣಿಯನ್ನು, ಬಾನೆಟ್ಟಿನ ಕೆಳಗೆ ಯಾವ ಎಂಜಿನ್ ಇದೆ ಎಂಬುದನ್ನಲ್ಲ.

ಇನ್ನು ಕಾಗದದ ಗೋಳು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ಆಗ ಇನ್‌ಸ್ಪೆಕ್ಟರ್ ಟಾರ್ಚ್ ಬಿಟ್ಟು ಎಂಜಿನ್ ನಂಬರ್ ಓದುತ್ತಾರೆ. ಆರ್‌ಸಿಯಲ್ಲಿರುವ ನಂಬರಿಗೂ ಬ್ಲಾಕಿನ ಮೇಲಿರುವುದಕ್ಕೂ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇಂಥ ಬದಲಾವಣೆಯನ್ನು ಮನಸ್ಸಿಗೆ ಬಂದಂತೆ ಮಾಡುವಂತಿಲ್ಲ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇದಕ್ಕಿಂತ ಸುಲಭದ ನೆಪ ಬೇಕಿಲ್ಲ. ಹಾಕಿದ ಎಂಜಿನ್ನಿನ ಬಿಲ್ ಕೊಡಿ ಎಂದು ಗ್ಯಾರೇಜಿನವರನ್ನು ಕೇಳಿದೆ. ಅದು ಯಾವ ಗಾಡಿಯಿಂದ ಬಿಚ್ಚಿದ್ದೆಂದು ಹೇಳಲೂ ಅವರು ತಯಾರಿಲ್ಲ.

ಸ್ಟಾರ್ಟ್ ಆಗದ ಎಂಪಿಎಫ್‌ಐ ಜಿಪ್ಸಿ ನಿಮ್ಮಲ್ಲಿದ್ದರೆ ಮೊದಲು ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ, ಮೆಕ್ಯಾನಿಕ್ ಹತ್ತಿರವಲ್ಲ. ಗಾಡಿ ಬಿಡುವ ಮುನ್ನ ಎಂಜಿನ್ ನಂಬರಿನ ಫೋಟೊ ತೆಗೆದುಕೊಂಡು ಜಾಬ್ ಕಾರ್ಡಿನಲ್ಲೂ ಬರೆಸಿ. ಇಸಿಎಂ ಹೋಗಿದೆ ಎಂದರೆ ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳಿ, ಬಿಚ್ಚಿದ ಇಸಿಎಂ ಕೈಗೆ ಕೊಡಿಸಿಕೊಳ್ಳಿ. ನನ್ನ ಗಾಡಿಯಲ್ಲಿ ಪಂಪಿಗೆ ಎಳೆದಿದ್ದ ಆ ನೇರ ವೈರನ್ನು ಈಗ ಕಿತ್ತಿಟ್ಟಿದ್ದೇನೆ. ಜಾಬ್ ಕಾರ್ಡಿನ ಪ್ರತಿ ಇಟ್ಟು ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ.