"ಆಗಲ್ಲ" ಅನ್ನೋ ಮನಸ್ಸಿಗೆ ಯಾವ ಸಭೆ? ಎನ್‌ಎ, ಸ್ಮಾರ್ಟ್ ರಿಕವರಿ ಎರಡರಲ್ಲೂ ಕೂತವನ ಹೋಲಿಕೆ

ನೋವಿನ ಮಾತ್ರೆಯ ಚಟ ಬಿಡಲು ಎರಡೂ ಕಡೆ ಹೋಗಿದ್ದೇನೆ. ಎರಡೂ ಚಟ ಬಿಡುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಸಭೆಗಳು. ಒಂದು ಹನ್ನೆರಡು ಮೆಟ್ಟಿಲುಗಳ ನಾರ್ಕೋಟಿಕ್ಸ್ ಅನಾನಿಮಸ್, ಎಲ್ಲರೂ ಎನ್‌ಎ ಅನ್ನುವುದು. ಇನ್ನೊಂದು 1994ರಲ್ಲಿ ಶುರುವಾದ ಸ್ಮಾರ್ಟ್ ರಿಕವರಿ, ಇಲ್ಲಿ ಮೆಟ್ಟಿಲುಗಳಿಲ್ಲ, ಯೋಚನೆ ಮತ್ತು ನಡತೆ ತಿದ್ದಿಕೊಳ್ಳುವ ಅಭ್ಯಾಸಗಳಿವೆ. ಮಾತ್ರೆ ಇಳಿಸಿದ್ದು ಡಾಕ್ಟರು, ಆ ಕೆಲಸ ಸಭೆಗಳದ್ದಲ್ಲ. ಇಲ್ಲಿ ನೋಡುತ್ತಿರುವುದು "ನನ್ನಿಂದ ಆಗಲ್ಲ" ಅಂತ ಮನಸ್ಸು ಕೈಚೆಲ್ಲುತ್ತದಲ್ಲ, ಅದಕ್ಕೆ ಯಾವುದು ಒಗ್ಗಿತು ಅಂತ.

ಈ ಕೈಚೆಲ್ಲುವಿಕೆಯ ಮೇಲೆ ಒಂದು ಹಳೆಯ ಪ್ರಯೋಗವಿದೆ. 1967ರಲ್ಲಿ ಮನೋವಿಜ್ಞಾನಿಗಳಾದ ಸೆಲಿಗ್‌ಮನ್ ಮತ್ತು ಮಾಯರ್ ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದಂತೆ ಶಾಕ್ ಕೊಟ್ಟರು. ಆಮೇಲೆ ಪಕ್ಕಕ್ಕೆ ಹಾರಿದರೆ ಸಾಕು ಅನ್ನೋ ಹಾಗಿದ್ದರೂ ಹೆಚ್ಚಿನವು ಹಾರಲಿಲ್ಲ, ಸುಮ್ನೆ ಬಿದ್ದುಕೊಂಡವು. ಏನು ಮಾಡಿದರೂ ಫಲವಿಲ್ಲ ಅಂತ ಅವು ಕಲಿತುಬಿಟ್ಟಿವೆ ಅಂದರು ಅವರು. ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎನ್‌ಎಯ ಮೊದಲ ಮೆಟ್ಟಿಲೇ ಚಟದ ಮುಂದೆ ನಮ್ಮ ಬಲ ನಡೆಯಲ್ಲ ಅಂತ ಒಪ್ಪಿಕೊಳ್ಳುವುದು. ಕೇಳಿ ಸಿಟ್ಟು ಬಂತು. ನನ್ನ ಕಾಯಿಲೆಯೇ ಅದಲ್ವಾ! ಆದರೆ ಮುಂದಿನ ಮೆಟ್ಟಿಲುಗಳಲ್ಲಿ ಕೆಲಸವೋ ಕೆಲಸ: ನೋಯಿಸಿದವರ ಪಟ್ಟಿ ಬರಿ, ಹೋಗಿ ಸರಿಮಾಡು, ಹೊಸಬರಿಗೆ ನೆರವಾಗು. ಕೈಕಟ್ಟಿ ಕೂರಲು ಯಾರೂ ಬಿಡಲ್ಲ. ಜೊತೆಗೆ ಸ್ಪಾನ್ಸರ್ ಇರುತ್ತಾರೆ, ಅಂದರೆ ಮುಂಚೆಯೇ ಚಟ ಬಿಟ್ಟು ಈಗ ನಮಗೆ ದಾರಿ ತೋರಿಸುವ ಸದಸ್ಯರು. ನನ್ನ ಸ್ಪಾನ್ಸರ್ ನಡುರಾತ್ರಿಯಲ್ಲೂ ಫೋನ್ ಎತ್ತುತ್ತಿದ್ದರು. ಸ್ಮಾರ್ಟ್‌ನಲ್ಲಿ ಸ್ಪಾನ್ಸರ್ ಪದ್ಧತಿ ಇಲ್ಲ. ಅದು ದೊಡ್ಡ ಕೊರತೆ.

ಸ್ಮಾರ್ಟ್‌ನಲ್ಲಿ ಕೈಗೆ ಸಿಗುವುದು ಒಂದು ಹಾಳೆ. ಸೆಳೆತ ಬಂದಾಗ ಹೊತ್ತು, ಹತ್ತಕ್ಕೆ ಎಷ್ಟು ಜೋರು, ಅದಕ್ಕೆ ಮುಂಚೆ ಏನಾಯಿತು, ಬರೆಯಬೇಕು. ನನ್ನದೊಂದು ಸಾಲು: "ಸಂಜೆ 6. ಜೋರು 8. ಅಣ್ಣನ ಜೊತೆ ಜಗಳ." ಅರ್ಧ ಗಂಟೆ ಬಿಟ್ಟು ಅದರ ಪಕ್ಕ "4" ಅಂತ ಬರೆದೆ. ಮಾತ್ರೆ ನುಂಗಿರಲಿಲ್ಲ, ಸೆಳೆತ ತಾನಾಗಿ ಇಳಿದಿತ್ತು. ಯಾರ ಉಪದೇಶಕ್ಕಿಂತಲೂ ಆ ಸಾಲನ್ನು ಜಾಸ್ತಿ ನಂಬಿದೆ. 2016ರಲ್ಲಿ ನಾಯಿಗಳ ಪ್ರಯೋಗದ ಅದೇ ಇಬ್ಬರು ವಿಜ್ಞಾನಿಗಳು ತಮ್ಮ ಹಳೆಯ ಮಾತನ್ನೇ ತಿರುವಿ ಹಾಕಿದರು: ಕಷ್ಟ ಬಿಡದೆ ಕಾಡಿದರೆ ಸೋತು ಕೂರುವುದು ಮೆದುಳಿಗೆ ಹುಟ್ಟಿನಿಂದ ಬಂದದ್ದು, ಕಲಿಯಬೇಕಾದದ್ದು "ನನ್ನ ಕೈಲಿದೆ" ಅನ್ನುವುದನ್ನು. ಹಾಳೆ ಕಲಿಸುವುದೂ ಅದನ್ನೇ.

ನಿಜವಾದ ವ್ಯತ್ಯಾಸ ಕಾಣುವುದು ಜಾರಿ ಮತ್ತೆ ಮಾತ್ರೆ ನುಂಗಿದ ಮರುದಿನ. ಎನ್‌ಎಯಲ್ಲಿ ದಿನಗಳ ಲೆಕ್ಕ ಮತ್ತೆ ಮೊದಲಿಂದ. ಕೆಲವರಿಗೆ ಅದೇ ಛಲ ಹುಟ್ಟಿಸುತ್ತದೆ. "ಎಲ್ಲಾ ಹೋಯ್ತು, ಇನ್ನೊಂದು ನುಂಗಿದರೇನು" ಅನ್ನೋ ಜಾತಿಯವನಿಗೆ ಆ ಸೊನ್ನೆ ಭಾರ. ಸ್ಮಾರ್ಟ್‌ನಲ್ಲಿ ಮೊದಲು ಕೇಳುವುದು ಜಾರುವ ಮುಂಚೆ ಏನಾಯಿತು ಅಂತ. ನನಗೆ ಅದು ಒಗ್ಗಿತು.

ಹಾಗಾಗಿ ಒಂಟಿಯಾಗಿರುವವರು ಮೊದಲು ಎನ್‌ಎ ನೋಡಿ. ಒಂದು ಸಲ ಜಾರಿದ್ದಕ್ಕೇ ಪೂರ್ತಿ ಕೈಚೆಲ್ಲುವವರಿಗೆ ಸ್ಮಾರ್ಟ್ ವಾಸಿ. ನಾನಂತೂ ಹಾಳೆ ಸ್ಮಾರ್ಟ್‌ನಿಂದ ತಂದೆ, ಫೋನ್ ನಂಬರ್ ಎನ್‌ಎಯಿಂದ.