ನೆವರ್‌ಹುಡ್‌ನ ಪ್ಲೇಸ್ಟೇಷನ್ ಡಿಸ್ಕ್ ಇದೆ ಅಂತ ಯಾರಾದರೂ ಅಂದರೆ, ದುಡ್ಡು ಕೊಡೋ ಮೊದಲು ಇದನ್ನು ಓದಿ

ಆರೂವರೆ ಸಾವಿರ ಹೋಯಿತು. ಹೋಗಲಿ ಅಂತ ಅನ್ನೋಕೂ ಆಗುತ್ತಿಲ್ಲ. ಆದರೆ ದುಡ್ಡಿಗಿಂತ ಜಾಸ್ತಿ ಉರಿಯುತ್ತಿರುವುದು ಬೇರೆ. ನನಗೆ ಚೆನ್ನಾಗಿ ಗೊತ್ತಿದ್ದ ವಿಷಯದಲ್ಲೇ ಡಿಸ್ಕ್ ಮಾರುವವನೊಬ್ಬ ನನಗೆ ಟೋಪಿ ಹಾಕಿದ. ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಹಳೆ ಗೇಮ್ ಡಿಸ್ಕ್ ಕೂಡಿಡುವವರು ಇದ್ದೀರಲ್ಲ, ನಿಮಗೇ ಹೇಳುತ್ತಿರುವುದು.

ನೆವರ್‌ಹುಡ್ ಗೊತ್ತಿಲ್ಲದವರಿಗೆ ಎರಡು ಮಾತು. 1996ರಲ್ಲಿ ಕಂಪ್ಯೂಟರ್‌ಗೆ ಬಂದ ಆಟ. ಎಲ್ಲವೂ ಮಣ್ಣು. ಗೋಡೆ ಮಣ್ಣು, ಬಾಗಿಲು ಮಣ್ಣು, ನಾಯಕ ಕ್ಲೇಮನ್ ಕೂಡ ಮಣ್ಣು. ಮೂರು ಟನ್‌ಗಿಂತ ಜಾಸ್ತಿ ಕ್ಲೇ ಬಳಸಿ, ಗೊಂಬೆಯನ್ನು ಒಂದೊಂದು ಕೂದಲೆಳೆಯಷ್ಟು ಸರಿಸಿ ಫೋಟೋ ತೆಗೆದು ಮಾಡಿದ್ದು. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತು ಮಾಡಿದರೆ ಅದರ ಬೆನ್ನ ಮೇಲೆ ನಮ್ಮ ಬೆರಳಿನ ಗೆರೆ ಉಳಿಯುತ್ತಿತ್ತಲ್ಲ, ಈ ಆಟದಲ್ಲೂ ಹಾಗೇ ಕಾಣುತ್ತದೆ. ಕಾಲೇಜಿನಲ್ಲಿದ್ದಾಗ ಗೆಳೆಯನ ಮನೆಯಲ್ಲಿ ಇದನ್ನು ಮೊದಲ ಸಲ ನೋಡಿದೆ. ಅವತ್ತೇ ಹುಚ್ಚು ಹಿಡಿಯಿತು.

ಸೋನಿ ಕಂಪನಿಯ ಗೇಮ್ ಮಷಿನ್ ಪ್ಲೇಸ್ಟೇಷನ್‌ಗೆ ಇದರ ಡಿಸ್ಕ್ ಬಂದಿದ್ದು ಜಪಾನಿನಲ್ಲಿ ಮಾತ್ರ, 1998ರಲ್ಲಿ. ಅಲ್ಲಿ ಹೆಸರು ಕೂಡ ಬೇರೆ, ಕ್ಲೇಮನ್ ಕ್ಲೇಮನ್ ಅಂತ. ಅದಕ್ಕೇ ಅದು ಸಿಗೋದು ಕಷ್ಟ. ಅದೇ ವರ್ಷ ಇದರ ಎರಡನೇ ಭಾಗ ಸ್ಕಲ್‌ಮಂಕೀಸ್ ಬಂತು. ಅದು ಅಮೆರಿಕದಲ್ಲೂ ಯುರೋಪಿನಲ್ಲೂ ಮಾರಾಟವಾದ ಡಿಸ್ಕ್. ಗೊಂಬೆ ಅದೇ, ಆದರೆ ಆಟದ ಜಾತಿಯೇ ಬೇರೆ. ಮೊದಲನೆಯದರಲ್ಲಿ ಸುಮ್ನೆ ಅಡ್ಡಾಡಬೇಕು, ನೋಡಬೇಕು, ಒಗಟು ಬಿಡಿಸಬೇಕು. ಎರಡನೆಯದರಲ್ಲಿ ಓಡಬೇಕು, ಜಿಗಿಯಬೇಕು, ಕೋತಿಗಳ ತಲೆ ತುಳಿಯಬೇಕು. ಇಷ್ಟೆಲ್ಲಾ ನನಗೆ ಬಾಯಿಪಾಠ. ಬಾಯಿಪಾಠ ಇದ್ದೂ ಬಿದ್ದೆ.

ಆ ಮನುಷ್ಯ ಗದಗಿನವನು ಅಂತ ಹೇಳಿಕೊಂಡಿದ್ದ. ಫೋಟೋ ಕಳಿಸಿದ. ಹಸಿರು ಬೆಡ್‌ಶೀಟ್ ಮೇಲೆ ಡಿಸ್ಕಿನ ಡಬ್ಬಿ, ಬದಿಯಲ್ಲಿ ಜಪಾನಿ ಅಕ್ಷರದ ಕಾಗದದ ಪಟ್ಟಿ. ಆ ಪಟ್ಟಿ ನೋಡಿದ್ದೇ ತಡ, ನನ್ನ ಬುದ್ಧಿ ಮೇಯೋಕೆ ಹೋಯಿತು. ಎಂಟು ಸಾವಿರ ಅಂದ, ಆರೂವರೆಗೆ ಇಳಿದ. ಒಂದು ಸಾವಿರ ಫೋನ್‌ಪೇ ಮಾಡಿಸಿಕೊಂಡ, ಉಳಿದದ್ದು ಕೈಗೆ. "ನಮ್ಮ ಕಡೆ ಮಷಿನ್‌ನ್ಯಾಗ ನಡೀತೈತೇನ್ರಿ?" ಅಂತ ಕೇಳಿದೆ. "ಎಲ್ಲಾ ಮಷಿನ್‌ನ್ಯಾಗೂ ನಡೀತೈತ್ರಿ ಅಣ್ಣಾರ, ಚಿಂತಿ ಬ್ಯಾಡ್ರಿ" ಅಂದ. ಅಲ್ಲೇ ನನಗೆ ಗೊತ್ತಾಗಬೇಕಿತ್ತು. ಜಪಾನಿನ ಅಸಲಿ ಡಿಸ್ಕ್ ನಮ್ಮ ಕಡೆಯ ಮಷಿನ್‌ನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಬೇರೆ ದೇಶದ ಡಿಸ್ಕ್ ಓದಿಸುವ ಚಿಪ್ ಹಾಕಿಸಬೇಕು. ನನ್ನದಕ್ಕೆ ಚಿಪ್ ಇದೆ, ಹಾಗಾಗಿ ಸುಮ್ನಾದೆ. ಸುಮ್ನಾಗಿದ್ದೇ ತಪ್ಪು.

ಹುಬ್ಬಳ್ಳಿ ರೈಲ್ವೆ ಸ್ಟೇಷನ್ ಮುಂದೆ ಸಿಕ್ಕ. ಕ್ಯಾರಿಬ್ಯಾಗ್‌ನಲ್ಲಿ ಸುತ್ತಿ ತಂದಿದ್ದ. ಡಬ್ಬಿ ತೆಗೆದೆ, ಡಿಸ್ಕಿನ ಮೇಲೆ ಕ್ಲೇಮನ್ ಚಿತ್ರ ಕಂಡಿತು. ಕಾಗದದ ಪಟ್ಟಿ ಎಲ್ಲಿ ಅಂದರೆ "ಮನ್ಯಾಗ ಉಳಿದೈತ್ರಿ, ಕೊರಿಯರ್ ಮಾಡ್ತೀನಿ" ಅಂದ. ಎರಡು ಸಲ ಗಡಿಯಾರ ನೋಡಿಕೊಂಡ. "ಟ್ರೇನ್ ಹೊಂಟೈತ್ರಿ, ಮನಿಗೆ ಹೋಗಿ ಆರಾಮ ನೋಡ್ರಿ." ದುಡ್ಡು ಎಣಿಸಿಕೊಂಡ, ಹೊರಟೇಹೋದ. ನಮ್ಮ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಹಿಂದೆ ಓಡಿದ್ದರೂ ಸಿಗುತ್ತಿರಲಿಲ್ಲ ಬಿಡಿ.

ಮನೆಗೆ ಬಂದು ಕೂತೆ. ಡಬ್ಬಿಯ ಕವರ್ ಕಾಗದ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ, ಬೇಸಿಗೆ, ಕೈ ಬೆವರಿತ್ತು. ನೋಡಿದರೆ ಹೆಬ್ಬೆರಳಿಗೆ ಕೆಂಪು ಬಣ್ಣ ಹತ್ತಿದೆ. ಕ್ಲೇಮನ್ ಮುಖದ ಮೇಲೆ ನನ್ನ ಬೆರಳಿನ ಗುರುತು. ಮನೆಯ ಪ್ರಿಂಟರ್‌ನಲ್ಲಿ ತೆಗೆದ ಕವರ್! ಆಗ ಡಿಸ್ಕ್ ತಿರುಗಿಸಿದೆ. ಪ್ಲೇಸ್ಟೇಷನ್‌ನ ಅಸಲಿ ಡಿಸ್ಕಿನ ಹಿಂಭಾಗ ಕಪ್ಪಗಿರುತ್ತದೆ. ಇದು ನೀಲಿ-ಹಸಿರು. ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಸಿಗುತ್ತಿತ್ತಲ್ಲ, ಆ ಖಾಲಿ ಸಿಡಿ. ಸ್ಟೇಷನ್ ಮುಂದೆ ಒಂದು ಸಲ, ಒಂದೇ ಒಂದು ಸಲ ತಿರುಗಿಸಿ ನೋಡಿದ್ದರೆ ಮುಗಿದು ಹೋಗುತ್ತಿತ್ತು. ತಿರುಗಿಸಲಿಲ್ಲ.

ಆದರೂ ಮಷಿನ್‌ಗೆ ಹಾಕಿದೆ. ಕಾಪಿಯಾದರೂ ಆಟ ಅದೇ ಇರಲಿ ಅಂತ ಆಸೆ, ನಾಚಿಕೆ ಬಿಟ್ಟು ಹೇಳುತ್ತೇನೆ. ನೆವರ್‌ಹುಡ್ ಆದರೆ ಕ್ಲೇಮನ್ ಒಂದು ಕೋಣೆಯಲ್ಲಿ ಮಲಗಿರಬೇಕು. ಮಲಗಿರಲಿಲ್ಲ. ಬಟನ್ ಒತ್ತಿದೆ, ಜಿಗಿದ! ಎದುರಿಗೆ ತಲೆಬುರುಡೆಯ ಕೋತಿ. ಸ್ಕಲ್‌ಮಂಕೀಸ್ ಡಿಸ್ಕಿಗೆ ನೆವರ್‌ಹುಡ್ ಕವರ್ ಹಾಕಿ ಕೊಟ್ಟಿದ್ದಾನೆ. ಅಂದರೆ ನಕಲಿಯೂ ಹೌದು, ಬೇರೆ ಆಟವೂ ಹೌದು. ಹಿಂದೆ ನಿಂತಿದ್ದ ಹೆಂಡತಿ "ಎಂಟುನೂರು ರೂಪಾಯಿಗೆ ಇನ್ನೇನ್ ಬರ್ತೈತ್ರಿ" ಅಂದಳು. ಅವಳಿಗೆ ಎಂಟುನೂರು ಅಂತಲೇ ಹೇಳಿದ್ದೆ. ಇನ್ನೂ ಹಾಗೇ ಇದೆ.

ಫೋನ್ ಮಾಡಿದೆ. ಅವನ ಉತ್ತರ ಕೇಳಿ.

"ಜಪಾನ್ ಡಿಸ್ಕ್ ಹಿಂದ ಹಂಗ ಇರ್ತಾವ್ರಿ."

ಇರಲ್ಲಪ್ಪಾ, ಕಪ್ಪಗಿರ್ತಾವ ಅಂದೆ.

"ನಿಮ್ಮ ಮಷಿನ್ ಹಳೇದಾಗೈತ್ರಿ, ಅದಕ್ಕ ಬ್ಯಾರೆ ಆಟ ತೋರಸಾಕತ್ತೈತಿ."

ಮಷಿನ್ ಹಳೆಯದಾದರೆ ಬೇರೆ ಆಟ ತೋರಿಸುತ್ತದಂತೆ! ಅರ್ಧ ನಿಮಿಷ ಮಾತೇ ಹೊರಡಲಿಲ್ಲ. ಇದು ಎರಡನೇ ಭಾಗ, ನಾನು ಕೇಳಿದ್ದು ಮೊದಲನೇದು ಅಂತ ಬಿಡಿಸಿ ಹೇಳಿದೆ.

"ಗೊಂಬಿ ಅದ ಐತೋ ಇಲ್ಲೋ?"

ಹೌದು, ಅದೇ ಅಂದೆ. ಯಾಕೆ ಹೌದು ಅಂದೆನೋ.

"ಮತ್ತೇನ್ರಿ ಅಣ್ಣಾರ? ಮಣ್ಣಿಂದ ಐತಿ, ಗೊಂಬಿ ಅದ ಐತಿ. ಒಂದನೇದು ಏನು, ಎರಡನೇದು ಏನು. ಮುಂದಿನ ಕಥಿ ಕೊಟ್ಟೀನಿ ಅಂತ ತಿಳ್ಕೋರಿ."

ದುಡ್ಡು ವಾಪಸ್ ಕೊಡು ಅಂದೆ. ಡಬ್ಬಿ ಒಡೆದ ಮೇಲೆ ವಾಪಸ್ ಇಲ್ಲ ಅಂದ. ರಾತ್ರಿ ಮೆಸೇಜ್ ಹಾಕಿದೆ, ಒಂದೇ ಟಿಕ್. ಬ್ಲಾಕ್ ಮಾಡಿದ್ದಾನೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಫೋನ್‌ಪೇ ಮಾಡಿದ ಒಂದು ಸಾವಿರದ ದೂರು ಬರೆಸಿದೆ. ಕೈಗೆ ಕೊಟ್ಟ ಐದೂವರೆಗೆ ಸಾಕ್ಷಿ ಇಲ್ಲ, ರಸೀದಿ ಇಲ್ಲ.

ನೀವು ತಗೊಳ್ಳೋರಾದರೆ ಎದುರಿಗೇ ಡಿಸ್ಕ್ ತಿರುಗಿಸಿ. ಕಪ್ಪಗಿಲ್ಲದಿದ್ದರೆ ಎದ್ದು ಬನ್ನಿ. ಜಪಾನಿನ ಪ್ಲೇಸ್ಟೇಷನ್ ಆಟಗಳ ನಂಬರ್ ಸಾಮಾನ್ಯವಾಗಿ ಎಸ್‌ಎಲ್‌ಪಿಎಸ್ ಅಂತ ಶುರುವಾಗುತ್ತದೆ, ಅಮೆರಿಕದ್ದು ಎಸ್‌ಎಲ್‌ಯುಎಸ್. ಅದನ್ನೂ ನೋಡಿ. ಆದರೆ ನಂಬರ್ ಪ್ರಿಂಟ್ ಮಾಡೋದು ಅವನಿಗೆ ದೊಡ್ಡ ಕೆಲಸವಲ್ಲ, ನೆನಪಿರಲಿ. ಟ್ರೇನ್ ಹೊಂಟೈತಿ ಅಂದರೆ ಹೋಗಪ್ಪಾ ಅನ್ನಿ. ಬರೀ ಆಟ ಆಡೋಕೆ ಬೇಕಾದರೆ ಕಂಪ್ಯೂಟರ್ ಆವೃತ್ತಿಯ ಹಳೆ ಸಿಡಿ ಹುಡುಕಿ, ಸ್ಕಮ್‌ವಿಎಂ ಅನ್ನೋ ಉಚಿತ ಪ್ರೋಗ್ರಾಂನಲ್ಲಿ ಈಗಲೂ ನಡೆಯುತ್ತದೆ. ನನಗೆ ಅದೂ ಗೊತ್ತಿತ್ತು.

ಇವತ್ತು ಬೆಳಿಗ್ಗೆ ಗೆಳೆಯನ ಫೋನಿನಲ್ಲಿ ನೋಡಿದೆ. ಅದೇ ಫೋಟೋ ಮತ್ತೆ ಹಾಕಿದ್ದಾನೆ. ಅದೇ ಹಸಿರು ಬೆಡ್‌ಶೀಟ್, ಅದೇ ಕಾಗದದ ಪಟ್ಟಿ. ರೇಟು ಏಳೂವರೆ ಮಾಡಿದ್ದಾನೆ.