ಕೆಸರು ಜ್ವಾಲಾಮುಖಿಯ ಮೀಥೇನ್ ಅಳೆಯಲು ಡಿಟೆಕ್ಟರ್, ಆಲಿಕೆ ಮತ್ತು ಮುಚ್ಚಿದ ಚೇಂಬರ್

ನೆಲದಾಳದ ಅನಿಲದೊಂದಿಗೆ ಕೆಸರು ಉಕ್ಕಿಬರುವ ದಿಬ್ಬಗಳಾದ ಕೆಸರು ಜ್ವಾಲಾಮುಖಿಗಳಿಂದ ಹೊರಬರುವ ಮೀಥೇನನ್ನು ಅಳೆಯಲು ನಾನು ಮೂರು ಸಾಧನಗಳನ್ನು ಬಳಸಿ ನೋಡಿದ್ದೇನೆ. ಅವುಗಳಲ್ಲಿ ನಾನು ಹೆಚ್ಚು ನಂಬುವುದು ಲೇಸರ್ ವಿಶ್ಲೇಷಕಕ್ಕೆ (ಲೇಸರ್ ಬೆಳಕಿನಿಂದ ಗಾಳಿಯಲ್ಲಿನ ಮೀಥೇನ್ ಅಳೆಯುವ ಉಪಕರಣ) ಜೋಡಿಸಿದ ಮುಚ್ಚಿದ ಚೇಂಬರನ್ನು.

ಮೊದಲು ಕೊಂಡದ್ದು ಕೈಯಲ್ಲಿ ಹಿಡಿಯುವ ಅನಿಲ ಸೋರಿಕೆ ಡಿಟೆಕ್ಟರ್, ಮತ್ತು ಅದು ತಪ್ಪು ಖರೀದಿ. ಗಾಳಿಯಲ್ಲಿ ಮೀಥೇನ್ ಶೇ. 5ರಷ್ಟಾದರೆ ಹೊತ್ತಿಕೊಳ್ಳಬಲ್ಲದು, ಆ ಮಿತಿಯ ನೂರನೇ ಒಂದು ಭಾಗ, ಅಂದರೆ 500 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 500 ಭಾಗ), ಈ ಉಪಕರಣ ತೋರಿಸುವ ಅತಿ ಸಣ್ಣ ಅಂಕಿ. ಸಾಮಾನ್ಯ ಗಾಳಿಯಲ್ಲಿರುವುದೇ ಸುಮಾರು 1.9 ಪಿಪಿಎಂ ಆಗಿರುವಾಗ, ಒಣಮಣ್ಣಿನಿಂದ ನಿಧಾನವಾಗಿ ಒಸರುವ ಅನಿಲ ಅದಕ್ಕೆ ಸೊನ್ನೆಯಾಗಿಯೇ ಕಾಣುತ್ತದೆ. ಈಗ ಅದು ಸುರಕ್ಷತೆಗಾಗಿ ಮಾತ್ರ ನನ್ನ ಸೊಂಟದಲ್ಲಿರುತ್ತದೆ.

ಗುಳ್ಳೆಯೇಳುವ ಹೊಂಡಗಳಿಗೆ ತಲೆಕೆಳಗಾಗಿ ಮುಳುಗಿಸಿದ ಆಲಿಕೆ, ನೀರು ತುಂಬಿದ ಅಳತೆ ಜಾಡಿ ಮತ್ತು ಗಡಿಯಾರ ಸಾಕು; ಜಾಡಿಯ ನೀರನ್ನು ಅನಿಲ ಎಷ್ಟು ಹೊತ್ತಿನಲ್ಲಿ ಎಷ್ಟು ಹೊರತಳ್ಳಿತೆಂದು ನೋಡಿದರಾಯಿತು. ಖರ್ಚು ಅತ್ಯಲ್ಪ. ಆದರೆ ಸಿಸಿಲಿ, ರೊಮೇನಿಯಾ ಮತ್ತು ಅಜರ್‌ಬೈಜಾನ್‌ಗಳಲ್ಲಿ ಭೂವಿಜ್ಞಾನಿ ಜುಸೆಪ್ಪೆ ಎಟಿಯೋಪೆ ಹಾಗೂ ಸಂಗಡಿಗರು ನಡೆಸಿದ ಅಳತೆಗಳು ತೋರಿಸಿಕೊಟ್ಟಂತೆ, ಬಾಯಿಗಳ ಸುತ್ತಲಿನ ನೆಲದಿಂದಲೂ ಕಣ್ಣಿಗೆ ಕಾಣದ ಅನಿಲ ಹೊರಬರುತ್ತದೆ. ಆಲಿಕೆಯೊಂದನ್ನೇ ನೆಚ್ಚಿದರೆ ಆ ಪಾಲು ಲೆಕ್ಕದಿಂದ ಪೂರ್ತಿ ಬಿಟ್ಟುಹೋಗುತ್ತದೆ.

ಚೇಂಬರನ್ನು ನೆಲದ ಮೇಲೆ ಕವುಚಿಟ್ಟು, ಒಳಗಿನ ಮೀಥೇನ್ ನಿಮಿಷಕ್ಕೆಷ್ಟು ಏರುತ್ತದೆಂದು ನೋಡಬೇಕು. 15 ಸೆಂ.ಮೀ. ಎತ್ತರದ ಚೇಂಬರಿನಲ್ಲಿ ನಿಮಿಷಕ್ಕೆ 10 ಪಿಪಿಎಂ ಏರಿದರೆ, 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅದು ಚದರ ಮೀಟರಿಗೆ ದಿನಕ್ಕೆ ಸುಮಾರು 1.4 ಗ್ರಾಂ ಮೀಥೇನ್ ಆಗುತ್ತದೆ. ಇಷ್ಟು ಸೂಕ್ಷ್ಮವಾದ ಒಸರನ್ನು ಉಳಿದ ಎರಡು ಸಾಧನಗಳು ಹಿಡಿಯಲಾರವು.

ನನ್ನನ್ನು ನಿಜವಾಗಿ ಕಾಡಿದ್ದು ಚೇಂಬರಿನ ಅಂಚು. ಒಣಗಿದ ಕೆಸರು ಹೆಂಚಿನ ಚೂರುಗಳಂತೆ ಬಿರಿದಿರುತ್ತದೆ; ಅಂಚು ಎಲ್ಲಿ ಕೂತರೂ ಅದರಡಿಯಲ್ಲಿ ಒಂದು ಬಿರುಕು ಹಾದುಹೋಗುತ್ತದೆ. ಗಾಳಿ ಬೀಸಿದಾಗ ಹೊರಗಿನ ಗಾಳಿ ಒಳನುಗ್ಗಿ, ವಿಶ್ಲೇಷಕದಲ್ಲಿ ಏರುತ್ತಿದ್ದ ಮೀಥೇನ್ ರೇಖೆ ಬಾಗಿ ಮಲಗಿಬಿಡುತ್ತದೆ. ಮೊದಲ ದಿನ ಆ ಬಾಗಿದ ರೇಖೆಗಳನ್ನೇ ನಂಬಿ, ಒಂದಿಡೀ ಇಳಿಜಾರಿನಲ್ಲಿ ಅನಿಲವೇ ಇಲ್ಲವೆಂದು ಬರೆದುಕೊಂಡಿದ್ದೆ.

ಮರುದಿನ ಚೇಂಬರನ್ನು ಬಲವಾಗಿ ಒತ್ತಿ ಕೂರಿಸಿದೆ. ಆಗ ಬಿರುಕುಗಳಲ್ಲಿ ನಿಂತಿದ್ದ ಅನಿಲ ಒಮ್ಮೆಲೇ ಮೇಲೆ ಬಂದು ಅಂಕಿಗಳು ಜಿಗಿದವು. ಅದೂ ತಪ್ಪು ಅಳತೆಯೇ. ಕೊನೆಗೆ ಒಂದು ಲೋಹದ ಬಳೆಯನ್ನು ಅರ್ಧ ಗಂಟೆ ಮೊದಲೇ ನೆಲಕ್ಕೆ ಇಳಿಸಿ, ಅದರ ಹೊರಸುತ್ತಿಗೆ ಅಲ್ಲಿಯದೇ ಹಸಿ ಕೆಸರನ್ನು ಮೆತ್ತಿ, ನೆಲ ಶಾಂತವಾದ ಮೇಲೆ ಚೇಂಬರನ್ನು ಬಳೆಯ ಮೇಲೆ ಕೂರಿಸಲು ಕಲಿತೆ. ಅಂದಿನಿಂದ ರೇಖೆ ನೆಟ್ಟಗೆ ಬರದ ಅಳತೆಯನ್ನು ಉಳಿಸಿಕೊಳ್ಳುವುದಿಲ್ಲ. ಅದೇ ಇಳಿಜಾರನ್ನು ಮತ್ತೆ ಅಳೆದಾಗ ಅಲ್ಲಿ ಅನಿಲವಿತ್ತು.

ಒಳಸೆಳೆಯುವ ನಳಿಕೆಯ ಫಿಲ್ಟರ್ ಆಗಾಗ ಕೆಸರಿನಿಂದ ಕಟ್ಟಿಕೊಳ್ಳುತ್ತದೆ. ಬದಲಿ ಫಿಲ್ಟರುಗಳನ್ನು ಒಯ್ಯಬೇಕು.

ವಿಶ್ಲೇಷಕವನ್ನು ಕೊಳ್ಳುವ ಶಕ್ತಿ ನನಗಿಲ್ಲವಾದ್ದರಿಂದ ಅದನ್ನು ಬಾಡಿಗೆಗೆ ತಂದು, ಚೇಂಬರನ್ನು ಪ್ಲಾಸ್ಟಿಕ್ ಬಕೆಟ್ಟಿನಿಂದ ನಾನೇ ಮಾಡಿಕೊಂಡಿದ್ದೇನೆ. ಗುಳ್ಳೆಗಳು ಜೋರಾಗಿ ಏಳುವ ಬಾಯಿಗಳಲ್ಲಿ ಮಾತ್ರ ಮೀಥೇನ್ ಕೆಲವೇ ಸೆಕೆಂಡುಗಳಲ್ಲಿ ವಿಶ್ಲೇಷಕದ ಮಿತಿಯನ್ನು ಮೀರುವುದರಿಂದ, ಅಲ್ಲಿ ಈಗಲೂ ಆಲಿಕೆಯನ್ನೇ ಇಳಿಸುತ್ತೇನೆ.